ಮೂರನೆಯ ಚಪ್ಪಾಳೆ

ಡೆವನ್‌ಪೋರ್ಟ್, ಟಾಸ್ಮೇನಿಯಾ
11 ಫೆಬ್ರುವರಿ 1996

ಮೆರಿನ್,

ಐದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಬೈಯುವುದನ್ನೆಲ್ಲ ಒಂದೇ ಸಲ ಬೈದು ಮುಗಿಸಿ ಆಮೇಲೆ ಮುಂದಕ್ಕೆ ಓದು.

ಟೆಸ್‌ಗೆ ಮೊನ್ನೆ ನಾಲ್ಕು ತಿಂಗಳು ತುಂಬಿತು. ಅವಳು ಹುಟ್ಟಿದಾಗಿನಿಂದ ಸತತವಾಗಿ ಎರಡು ಗಂಟೆ ನಿದ್ದೆ ಮಾಡಿದ್ದು ನೆನಪಿಲ್ಲ. ಅವಳು ಅತ್ತರೆ ಅಳುತ್ತಾಳೆಂದು ಏಳುತ್ತೇನೆ, ಅಳದಿದ್ದರೆ ಯಾಕೆ ಅಳುತ್ತಿಲ್ಲವೆಂದು ಏಳುತ್ತೇನೆ. ಮೂಗಿನ ಹತ್ತಿರ ಕೈಗನ್ನಡಿ ಹಿಡಿದು ಮಂಜುಗಟ್ಟುತ್ತದೆಯೇ ಎಂದು ನೋಡುತ್ತೇನೆ. ಹಡಗಿನ ಅಡುಗೆಮನೆಯಲ್ಲಿ ಪಾಳಿ ಮುಗಿಸಿ ಬಂದ ರೋರಿ ಇದನ್ನು ಕಂಡು, "ಆ ಕನ್ನಡೀನ ಒಂದ್ಸಲ ನಿನ್ನ ಕಡೆ ತಿರುಗಿಸ್ಕೊಳೇ, ಹೆದರ್ಕೊಂಡುಬಿಡ್ತೀಯ" ಅಂದ. ಅಷ್ಟು ಚೆಂದ ಇದ್ದೇನೆ ಈಗ.

ಇಂಥದರಲ್ಲೂ ಒಂದು ಕೆಲಸ ಮಾಡಿದ್ದೇನೆ. ನಮ್ಮ ಗ್ಲಾಸ್ ಫೆರೀಸ್ ಅಭಿಮಾನಿಗಳ ಪತ್ರಿಕೆ 'ದಡದ ಸುದ್ದಿ'ಗೆ ಮತ್ತೆ ಅಂಕಣ ಬರೆದೆ! ನೆವಿಲ್ ಬ್ಯಾಲರಾಟ್‌ನಿಂದ ಕ್ಯಾಸೆಟ್ ಕಳಿಸಿದ್ದ: ವೆರ್ನಾ ಡೂಲನ್, ಪೋರ್ಟ್ ಪೀರಿ ಕ್ಲಬ್, ನವೆಂಬರ್. ಒಬ್ಬರು ನಕಲಿಸಿ ಇನ್ನೊಬ್ಬರಿಗೆ ದಾಟಿಸುವ ನಮ್ಮ ಕ್ಯಾಸೆಟ್ ಸರಪಳಿಯಲ್ಲಿ ನಾಲ್ಕು ಕೈ ದಾಟಿ ಬಂದ ನಕಲಿನ ನಕಲು. ನಾನು ಕಾಲೇಜಿನಲ್ಲಿದ್ದಾಗ ಬರೆದುಕೊಟ್ಟ ನಿಯಮಗಳನ್ನು ಪುಣ್ಯಾತ್ಮ ಇನ್ನೂ ಪಾಲಿಸುತ್ತಿದ್ದಾನೆ. ನಾಲ್ಕನೇ ನಿಯಮ ನೆನಪಿದೆಯಲ್ಲ, 'ಟೇಪು ದುಬಾರಿ; ಮಾತು ಕತ್ತರಿಸಿ, ಹಾಡು ಉಳಿಸಿ'? ಒಂದು ಕೆಮ್ಮೂ ಇಲ್ಲದ ಹಾಗೆ ಕತ್ತರಿಸಿದ್ದಾನೆ.

ಆ ಟೇಪಿನಲ್ಲಿ ಏನಿತ್ತು ಗೊತ್ತೇ? ನಮ್ಮ ಗ್ಲಾಸ್ ಫೆರೀಸ್ ತಂಡದ 'ಸೇತುವೆಯಾಚೆ ಶನಿವಾರ'! ವೆರ್ನಾ ಡೂಲನ್ ಬಾಯಲ್ಲಿ! ನಾನು ಬರೆದದ್ದು ಇಷ್ಟು:

'ಅರವತ್ಮೂರು ವರ್ಷದ ವೆರ್ನಾ ಡೂಲನ್ ನಮ್ಮ ಹಾಡಿಗೆ ಕೈ ಹಾಕಿದ್ದಾರೆ. ಹಾಡು ಸೇತುವೆಯ ತನಕ ತಲುಪುವುದೇ ಇಲ್ಲ. ದಾರಿಯಲ್ಲೇ ಕೂತು ಮಂಡಿ ನೀವಿಕೊಳ್ಳುತ್ತದೆ. ಶನಿವಾರ ಹೊರಟ ಹಾಡು ಮುಗಿಯುವಾಗ ಸೋಮವಾರ. ಇದು ಶುರುವಾಗುವುದೇ ಮೂರು ಚಪ್ಪಾಳೆಯಿಂದ ಎಂಬುದು ದೇಶದ ಪ್ರತಿ ಶಾಲಾ ಮಗುವಿಗೂ ಗೊತ್ತು. ಇಲ್ಲಿ ತಂಡದವರು ಒಂದನ್ನೂ ತಟ್ಟುವುದಿಲ್ಲ. ಮೈಕಿನ ಹತ್ತಿರ ಕೂತ ಯಾರೋ ಕುಡುಕ ಎರಡು ತಟ್ಟಿ, ಮೂರನೆಯದನ್ನು ಮರೆತು, ಬಹುಶಃ ನಿದ್ದೆ ಹೋಗಿದ್ದಾನೆ. ಅವನನ್ನು ನಾನು ದೂರುವುದಿಲ್ಲ.'

ನಕ್ಕೆಯಾ? ನೀನೂ ನಿಮ್ಮಪ್ಪ ಡೆಸ್ ಅಂಕಲ್ಲೂ ಆ ಕ್ಲಬ್ಬಿನಲ್ಲಿ ಇದ್ದೇ ಇರುತ್ತೀರಿ. ತಮ್ಮ ವೆರ್ನಾ ಪೀರಿಗೆ ಬಂದರೆ ಅವರು ಮುಂದಿನ ಸಾಲು ಬಿಡುವವರೇ? ಅವರಿಗೆ ಈ ಅಂಕಣ ತೋರಿಸು. ವ್ಯಾನಿನಲ್ಲಿ ಪೋರ್ಟ್ ವೇಕ್‌ಫೀಲ್ಡ್ ತನಕ ನಮಗೆ ಒತ್ತಾಯದಿಂದ ವೆರ್ನಾ ಕೇಳಿಸಿದ್ದಕ್ಕೆ ಇದು ನನ್ನ ಸೇಡು ಅಂತ ಹೇಳು. ಹೇಗಿದ್ದಾರೆ?

ನಿನ್ನ
ಬ್ರಯೊನಿ


ಪೋರ್ಟ್ ಪೀರಿ
26 ಫೆಬ್ರುವರಿ

ಬ್ರಯೊನಿ,

ನಿನ್ನ ಅಂಕಣ ಅಪ್ಪ ಓದಿದ್ದಾನೆ. ನಿನ್ನ ಕಾಗದ ಬರುವ ಮೊದಲೇ 'ದಡದ ಸುದ್ದಿ' ಬಂದಿತ್ತು. ಆಸ್ಪತ್ರೆಗೆ ಒಯ್ದ ಟಪಾಲಿನಲ್ಲಿ ಅದೂ ಸೇರಿಕೊಂಡಿತ್ತು, ನಾನು ನೋಡಿರಲಿಲ್ಲ. ಕನ್ನಡಕ ಇಸಿದುಕೊಂಡು ಓದಿದ. ಕುಡುಕನ ಸಾಲನ್ನು ಎರಡು ಸಲ ಓದಿದ. "ಚೆನ್ನಾಗಿ ಬರೀತಾಳೆ. ಮೊದಲಿಂದ್ಲೂ ಅಷ್ಟೆ" ಅಂದ. ಆಮೇಲೆ ಊಟದ ತಟ್ಟೆ ಮುಟ್ಟಲಿಲ್ಲ.

ಯಾವ ಆಸ್ಪತ್ರೆ, ಯಾಕೆ ಎಂದು ಕೇಳುತ್ತೀಯ. ಅದನ್ನು ಅಕ್ಟೋಬರಿನಲ್ಲಿ ಬರೆದಿದ್ದೇನೆ. ನವೆಂಬರಿನಲ್ಲಿ ಬರೆದಿದ್ದೇನೆ. ಜನವರಿಯಲ್ಲೂ ಬರೆದಿದ್ದೇನೆ. ನಾಲ್ಕನೇ ಸಲ ಬರೆಯಲು ಕೈ ಬರುವುದಿಲ್ಲ.

ನನ್ನದು ಒಂದೇ ಪ್ರಶ್ನೆ. ಹಾಡು ಶುರುವಾಗುವ ಮೊದಲು ವೆರ್ನಾ ಏನು ಹೇಳಿದರೆಂದು ಕೇಳಿಸಿಕೊಂಡ ಮೇಲೂ ನೀನು ಹಾಗೆ ಬರೆದೆಯಾ?

ಮೆರಿನ್


ಡೆವನ್‌ಪೋರ್ಟ್
4 ಮಾರ್ಚ್

ಮೆರಿನ್, ಮೆರಿನ್,

ಅಡುಗೆಮನೆಯಲ್ಲಿ ಒಂದು ಡ್ರಾಯರ್ ಇದೆ. ಟೆಸ್ ಹುಟ್ಟಿದ ಮೇಲೆ ಬಂದ ಕಾಗದಗಳನ್ನೆಲ್ಲ ಅದರೊಳಗೆ ತುರುಕುತ್ತಿದ್ದೆ. ಶುಭಾಶಯ, ಲಸಿಕೆಯ ಚೀಟಿ, ವಿದ್ಯುತ್ ಬಿಲ್ಲು, ಎಲ್ಲ. ನಿನ್ನ ಕೈಬರಹ ಕಂಡಾಗ, 'ಇದನ್ನು ಸಮಾಧಾನವಾಗಿ ಕೂತು ಓದಬೇಕು' ಅನಿಸುತ್ತಿತ್ತು. ಒಳಗೆ ಇಡುತ್ತಿದ್ದೆ. ಸಮಾಧಾನವೆಂಬುದು ಬರಲೇ ಇಲ್ಲ. ಮೊದಮೊದಲು ತೆರೆಯಲು ಹೊತ್ತು ಸಿಗಲಿಲ್ಲ. ಆಮೇಲೆ, ಇಷ್ಟು ದಿನ ತೆರೆಯಲಿಲ್ಲವಲ್ಲ ಎಂಬ ನಾಚಿಕೆಗೇ ತೆರೆಯಲಿಲ್ಲ. ಇದು ಯಾರಿಗಾದರೂ ಅರ್ಥವಾಗುವಂಥದ್ದೇ?

ನಿನ್ನೆ ಮೂರನ್ನೂ ಒಡೆದೆ. ಟೆಸ್‌ಳನ್ನು ತೊಡೆಯ ಮೇಲೆ ಹಾಕಿಕೊಂಡು ನೆಲದ ಮೇಲೆ ಕೂತು ಓದಿದೆ. ಶ್ವಾಸಕೋಶ. ಎರಡೂ ಕಡೆ. ಮೊದಲನೆಯದರಲ್ಲಿ ನೀನು ಬರೆದಿದ್ದೆ, 'ಹೆದರಬೇಡ, ಮಗು ಸಣ್ಣದು, ಬರಬೇಡ, ಆದರೆ ಒಂದು ಫೋನ್ ಮಾಡು.' ಒಂದು ಫೋನ್!

ಮಾತು ನನಗೆ ಕೇಳಿಸಲಿಲ್ಲ, ಮೆರಿನ್. ಟೆಸ್ ಆಣೆ. ನನ್ನ ಟೇಪು ಗಿಟಾರಿನಿಂದ ಶುರುವಾಗುತ್ತದೆ. ನೆವಿಲ್‌ಗೆ ಫೋನ್ ಮಾಡಿದೆ. "ಎರಡು ನಿಮಿಷ ಏನೋ ಮಾತಾಡಿದ್ರು, ಯಾವುದೋ ಕಾಗದ ಓದಿದ್ರು. ತೆಗೆದೆ. ನಿನ್ನ ನಿಯಮಾನೇ ಅಲ್ವಾ ಮಾರಾಯ್ತಿ?" ಅಂದ. ಅವನ ಕೈಗೆ ಬಂದಿದ್ದ ಟೇಪಿನ ಮೇಲೆ ಬೇರೆ ಯಾರದೋ ಕಛೇರಿ ತುಂಬಿಬಿಟ್ಟಿದ್ದಾನೆ. ಇನ್ನೊಂದನ್ನೂ ಹೇಳಿದ, ತೀರಾ ಸಹಜವಾಗಿ: ಅವನ ಹಳೆಯ ಪ್ಲೇಯರಿನ ಬೆಲ್ಟು ಸಡಿಲವಾಗಿ ಅದು ಓಡುವುದು ಸ್ವಲ್ಪ ನಿಧಾನವಂತೆ. ಅದರಿಂದ ಇಳಿಸಿದ ನಕಲು ಎಳೆಯುತ್ತದಂತೆ. 'ಸೋಮವಾರ' ಅಂತ ನಾನು ಹಾಸ್ಯ ಮಾಡಿದ್ದು ಅವನ ಪ್ಲೇಯರಿನ ಬೆಲ್ಟನ್ನು.

ಕಾಗದದಲ್ಲಿ ಏನಿತ್ತು? ಯಾರ ಕಾಗದ? ನಿನ್ನ ಹತ್ತಿರ ಮೂಲ ಟೇಪು ಇದ್ದರೆ ಕಳಿಸುತ್ತೀಯಾ? ನಾನು ಹೊರಟು ಬರಲೇ? ಟೆಸ್‌ಗೆ ನಾಲ್ಕು ದಿನದಿಂದ ಜ್ವರ, ಇನ್ನೂ ಬಿಟ್ಟಿಲ್ಲ. ಜ್ವರ ಬಿಟ್ಟರೆ ಬರುತ್ತೇನೆ. ಹಾಗೆಂದು ಅವರಿಗೆ ಹೇಳುತ್ತೀಯಾ?

ಬ್ರಯೊನಿ


ಪೋರ್ಟ್ ಪೀರಿ
19 ಮಾರ್ಚ್

ಬ್ರಯೊನಿ,

ನಿನ್ನ ಡ್ರಾಯರಿನ ವಿಷಯ ಅಪ್ಪನಿಗೆ ಹೇಳಿದೆ. "ನಂದೂ ಒಂದಿತ್ತು, ನಿಮ್ಮಮ್ಮ ಹೋದಾಗ" ಅಂದ. ನನಗೆ ಅದು ಗೊತ್ತಿರಲಿಲ್ಲ.

ಕಾಗದ ಅಪ್ಪನದೇ. ಸೆಪ್ಟೆಂಬರಿನಲ್ಲಿ ಡಾಕ್ಟರು ಹೇಳಿದ ವಾರವೇ ಕೂತು ವೆರ್ನಾಗೆ ಬರೆದ. ಅಡಿಲೇಡಿಗೆ ನಮ್ಮನ್ನು ಏಳು ಸಲ ಫೆರೀಸ್ ನೋಡಲು ಕರೆದುಕೊಂಡು ಹೋದದ್ದನ್ನು, ವ್ಯಾನಿನ ಒಪ್ಪಂದವನ್ನು, ಎಲ್ಲವನ್ನೂ ಬರೆದ. ವಾಪಸು ಬರುವಾಗ ಪೋರ್ಟ್ ವೇಕ್‌ಫೀಲ್ಡ್ ತನಕ ಅವನ ಕ್ಯಾಸೆಟ್ಟು, ಅಲ್ಲಿ ಪೈ ತಿಂದಮೇಲೆ ಮನೆಯ ತನಕ ನಮ್ಮದು. ಆ ಹಾಡು ಬಂದಾಗ ಮೂರು ಚಪ್ಪಾಳೆಯನ್ನು ಹಂಚಿಕೊಳ್ಳುತ್ತಿದ್ದೆವಲ್ಲ? ಮೊದಲನೆಯದು ಅವನು ಸ್ಟಿಯರಿಂಗಿಗೆ ಬಡಿಯುವುದು, ಎರಡನೆಯದು ನಾನು, ಮೂರನೆಯದು ನೀನು. "ದರಿದ್ರ ಹಾಡು" ಎಂದು ಬೈಯುತ್ತಲೇ ಒಂದು ಸಲವೂ ತಪ್ಪದೆ ಬಡಿಯುತ್ತಿದ್ದ.

ತನ್ನ ವೆರ್ನಾ ನಮ್ಮ ಹಾಡು ಹಾಡಲಿ ಎಂದು ಅವನ ಆಸೆ. ಆಕೆ ಹಾಡಿದರು. ಕಾಗದವನ್ನು ಗಟ್ಟಿಯಾಗಿ ಓದಿ ಹಾಡಿದರು, ನಿನ್ನ ಹೆಸರು, ನನ್ನ ಹೆಸರು ಹೇಳಿ. ಅಪ್ಪ ಕೈಚೀಲದಲ್ಲಿ ರೆಕಾರ್ಡರ್ ತರಿಸಿದ್ದೇ ನಿನಗಾಗಿ.

ಅವತ್ತೇ ನಿನಗೆ ಫೋನ್ ಮಾಡುತ್ತೇನೆ ಅಂದೆ. "ಬೇಡ. ಮುಂಚೇನೇ ಹೇಳಿದ್ರೆ ಏನಿದೆ ಮಜಾ? ಅವಳೇ ಕೇಳ್ಲಿ" ಅಂದ.

ಇನ್ನು ನನ್ನ ಪಾಲಿನದು. ಟೇಪನ್ನು ನೇರ ನಿನಗೇ ಕಳಿಸಬಹುದಿತ್ತು. ಎರಡು ಕಾಗದಕ್ಕೆ ಉತ್ತರವಿರಲಿಲ್ಲ. ನಾನೇ ಮೂರನೇ ಸಲ ಬಾಗಿಲು ತಟ್ಟಬೇಕೇ ಎಂದು ಹಟ ಬಂತು. ಸರಪಳಿಯಲ್ಲಿ ಹಾಕಿದರೆ ಹೇಗೂ ನಿನಗೆ ತಲುಪುತ್ತದೆ, ಬೆಚ್ಚಿಬಿದ್ದು ನೀನೇ ಫೋನ್ ಮಾಡುತ್ತೀಯ ಎಂದುಕೊಂಡೆ. ನಾಲ್ಕನೇ ನಿಯಮ ನನಗೂ ಗೊತ್ತಿತ್ತು. ಆರು ವರ್ಷ ನಾನೇ ಪಾಲಿಸಿದ್ದೇನೆ. ಆ ಹೊತ್ತಿಗೆ ನೆನಪಾಗಲಿಲ್ಲ.

ಅಂಕಣ ಬಂದ ಮೇಲೆ ವೆರ್ನಾ ಆ ಹಾಡನ್ನು ಎಲ್ಲೂ ಹಾಡಿಲ್ಲವಂತೆ.

ಬರುವುದು ಬೇಡ, ಮಗುವನ್ನು ನೋಡಿಕೋ. ಅಪ್ಪನಿಗೆ ಬರಿ. ದೊಡ್ಡ ಅಕ್ಷರದಲ್ಲಿ ಬರಿ. ಬೇಗ ಬರಿ.

ಮೆರಿನ್


ಡೆವನ್‌ಪೋರ್ಟ್
27 ಮಾರ್ಚ್

ಡೆಸ್ ಅಂಕಲ್,

ಇದು ಆರನೇ ಕಾಗದ. ಐದನ್ನು ಹರಿದೆ, ಅವೆಲ್ಲ ತುಂಬಾ ಚೆನ್ನಾಗಿದ್ದವು. ನಾನು ಚೆನ್ನಾಗಿ ಬರೆದಾಗಲೆಲ್ಲ ಯಾರಿಗೋ ಪೆಟ್ಟಾಗುತ್ತದೆ ಎಂದು ಈಗ ಗೊತ್ತಾಗಿದೆ.

ತಪ್ಪಾಯಿತು. ಇದಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆಯಲು ಹಾಳೆ ಸಾಲದು.

ನಿಮಗೆ ಒಂದು ಸತ್ಯ ಹೇಳಬೇಕು. ಮೆರಿನ್‌ಗೂ ಹೇಳಿಲ್ಲ. ಅಡಿಲೇಡಿನಿಂದ ಹೊರಟ ಮೇಲೆ, ನಿಮ್ಮ ಅರ್ಧ ದಾರಿಯಲ್ಲಿ, ನಾನು ಹಿಂದಿನ ಸೀಟಿನಲ್ಲಿ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆನಲ್ಲ? "ನೋಡೇ ಮೆರಿನ್, ವೆರ್ನಾ ಬಂದ್ರೆ ಇವಳು ಗೊರಕೆ" ಅನ್ನುತ್ತಿದ್ದಿರಿ. ನಾನು ನಿದ್ದೆ ಮಾಡುತ್ತಿರಲಿಲ್ಲ. ಒಂದು ಸಲವೂ ಮಾಡಿಲ್ಲ. ಕೇಳುತ್ತಿದ್ದೆ. ಕಿಟಕಿಗೆ ಹಣೆ ಒತ್ತಿ, ಒಂದೊಂದು ಪದವನ್ನೂ ಕೇಳುತ್ತಿದ್ದೆ. ಇಷ್ಟ ಅಂತ ಒಪ್ಪಿಕೊಂಡರೆ ನೀವು ಗೆದ್ದುಬಿಡುತ್ತೀರಿ ಎಂದು ಹದಿನಾಲ್ಕು ವರ್ಷದ ಹುಡುಗಿಯ ಹಟ.

ಈಗ ಟೆಸ್‌ಳನ್ನು ಹೆಗಲಿಗೆ ಹಾಕಿಕೊಂಡು ಓಡಾಡುವಾಗ ನನ್ನ ಬಾಯಿಗೆ ಬರುವುದು ಫೆರೀಸ್ ಅಲ್ಲ. ಆ ಹಾಡುಗಳಿಗೆ ಅವಳು ಇನ್ನಷ್ಟು ಕಿರುಚುತ್ತಾಳೆ. ಬರುವುದು ವೆರ್ನಾ. ಆಕೆಯ ಹಾಡುಗಳೆಲ್ಲ ನನಗೆ ಬಾಯಿಪಾಠ ಇವೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅದಕ್ಕೆ ಮಾತ್ರ ಅವಳು ಸುಮ್ಮನಾಗುತ್ತಾಳೆ.

ನೀವು ಗೆದ್ದಿರಿ, ಅಂಕಲ್. ಯಾವತ್ತೋ ಗೆದ್ದಿದ್ದಿರಿ. ಹೇಳಲು ಹದಿಮೂರು ವರ್ಷ ತಡ ಮಾಡಿದೆ.

ಜ್ವರ ಬಿಟ್ಟಿದೆ. ರೋರಿಗೆ ಈಸ್ಟರಿನ ಮುಂಚಿನ ವಾರ ರಜೆ. ಟೆಸ್‌ಳನ್ನು ಕರೆದುಕೊಂಡು ಬರುತ್ತೇನೆ. ಪೈ ತರುತ್ತೇನೆ. ಮೆರಿನ್ ಬೇಡ ಅಂದರೂ ಬರುತ್ತೇನೆ.

ನಿಮ್ಮ
ಬ್ರಯೊನಿ


ಪೋರ್ಟ್ ಪೀರಿ
10 ಏಪ್ರಿಲ್

ಬ್ರಯೊನಿ,

ಫೋನಿನಲ್ಲಿ ಸರಿಯಾಗಿ ಮಾತಾಡಲಾಗಲಿಲ್ಲ. ನೀನು ಅಳುತ್ತಿದ್ದೆ, ಮಗು ಅಳುತ್ತಿತ್ತು, ನನಗೆ ಅಳು ಬರುತ್ತಿರಲಿಲ್ಲ. ಬರಬೇಡ ಅಂದು ಫೋನ್ ಇಟ್ಟುಬಿಟ್ಟೆ.

ಅಪ್ಪ ಹೋದದ್ದು ಮಾರ್ಚ್ 31, ಭಾನುವಾರ ಬೆಳಿಗ್ಗೆ. ಚಹಾ ಕೇಳಿದ, ತಂದುಕೊಟ್ಟೆ, ಆರಿಹೋಗಿದೆ ಅಂದ, ಬೇರೆ ತರಲು ಹೋದೆ. ನಿನ್ನ ಕಾಗದ ಬಂದದ್ದು ಮಂಗಳವಾರ, ಅವನ ಹೆಸರಿಗೆ.

ನಾನು ಒಡೆಯಲಿಲ್ಲ. ಒಡೆಯಬೇಕೆಂದು ಅನ್ನಿಸಿತು, ಕೆಟಲ್ಲಿನ ಹಬೆಯ ತನಕ ಒಯ್ದಿದ್ದೆ. ಆಮೇಲೆ, ಅವನಿಗೆ ಬಂದ ಕಾಗದ, ಅವನಿಗೇ ಸೇರಲಿ ಎನಿಸಿತು. ಹಳೆಯ ಬಸ್ ಡ್ರೈವರ್ ಕೋಟು ತೊಡಿಸಿದ್ದೆವು. ಎದೆಯ ಜೇಬಿನಲ್ಲಿ ಇಟ್ಟೆ, ಅವನು ಟಿಕೆಟ್ಟು ಇಡುತ್ತಿದ್ದ ಕಡೆ.

ಅದರಲ್ಲಿ ಏನು ಬರೆದಿದ್ದೆ ಎಂದು ನನಗೆ ಹೇಳಬೇಡ. ಈಗ ಕೇಳಿದರೆ ನನಗೆ ಕೋಪ ಬರುತ್ತದೆ, ಅದು ಒಳ್ಳೆಯದಿದ್ದರೆ ಇನ್ನೂ ಹೆಚ್ಚು.

ಸ್ವಲ್ಪ ದಿನ ಬರೆಯಬೇಡ.

ಮೆರಿನ್


ಡೆವನ್‌ಪೋರ್ಟ್
27 ಮೇ

ಮೆರಿನ್,

ಬರೆಯಬೇಡ ಅಂದೆ. ಆರು ವಾರ ತಡೆದೆ. ಇದರೊಳಗೆ ಎರಡು ವಿಷಯವಿದೆ, ಅಷ್ಟೆ.

ಒಂದು, 'ದಡದ ಸುದ್ದಿ'ಯ ಹೊಸ ಸಂಚಿಕೆ. ಮೊದಲ ಪುಟದಲ್ಲಿ ನನ್ನ ಕ್ಷಮಾಪಣೆ ಇದೆ. ನಾನು ವಿಮರ್ಶೆ ಮಾಡಿದ್ದು ಒಂದು ನಕಲನ್ನು, ಹಾಡನ್ನಲ್ಲ ಎಂದು ಬರೆದಿದ್ದೇನೆ. ಕೆಳಗೆ ಓದುಗರ ಕಾಗದಗಳಿವೆ, ಭಾರಿ ಜಗಳ. ಗಿಂಪಿಯ ಒಬ್ಬಾಕೆ, 'ಬ್ರಯೊನಿ ಮೊದಲು ಹೇಳಿದ್ದೇ ಸರಿ, ಅಜ್ಜಿಯರು ಅಜ್ಜಿಯರ ಹಾಡು ಹಾಡಲಿ' ಎಂದಿದ್ದಾಳೆ. ಅದನ್ನು ಓದುವಾಗ ನನ್ನದೇ ದನಿ ಕೇಳಿ ಮೈ ಉರಿಯಿತು. ಬೆಂಡಿಗೋದ ಒಬ್ಬ ಮೇಷ್ಟ್ರು, 'ಹದಿಮೂರು ವರ್ಷ ಈ ಹಾಡಿಗೆ ಕುಣಿದಿದ್ದೇನೆ. ವೆರ್ನಾ ಹಾಡಿದ ಮೇಲೇ ಗೊತ್ತಾದದ್ದು, ಇದರಲ್ಲಿ ಯಾರೂ ಸೇತುವೆ ದಾಟುವುದೇ ಇಲ್ಲ, ಈಚೆ ದಡದಲ್ಲಿ ನಿಂತು ಕಾಯುತ್ತಾರೆ' ಎಂದು ಬರೆದಿದ್ದಾರೆ. ಮೇಷ್ಟ್ರೂ ಕೇಳಿದ್ದು ಅದೇ ಎಳೆಯುವ ನಕಲನ್ನು. ಅದೇ ನಕಲಿನಲ್ಲಿ ಅವರಿಗೆ ಕೇಳಿಸಿದ್ದು ನನಗೆ ಯಾಕೆ ಕೇಳಿಸಲಿಲ್ಲ? ಬೆಲ್ಟಿನ ಮೇಲೆ ಹಾಕಿ ತಪ್ಪಿಸಿಕೊಳ್ಳಲು ಇದೊಂದು ಬಿಡುವುದಿಲ್ಲ.

ನಾಲ್ಕನೇ ನಿಯಮವನ್ನು ತೆಗೆದುಹಾಕಿಸಿದ್ದೇನೆ. ನೆವಿಲ್ ಗೊಣಗಿದ.

ಎರಡು. ವೆರ್ನಾಗೆ ಬರೆದಿದ್ದೆ, ನನ್ನಿಂದಾಗಿ ಹಾಡನ್ನು ಬಿಡಬೇಡಿ ಎಂದು. ಒಂದು ಕಾರ್ಡು ಬಂತು. ಇಷ್ಟೇ ಇದೆ: 'ಮಗಳೇ, ಇದಕ್ಕಿಂತ ಕೆಟ್ಟದ್ದನ್ನು ನಲವತ್ತು ವರ್ಷದಿಂದ ಓದಿದ್ದೇನೆ. ನಾನು ಬಿಟ್ಟದ್ದು ಏನೂ ಇಲ್ಲ. ಆ ಹಾಡನ್ನು ಒಂದೇ ಸಲ ಹಾಡಲೆಂದು ಕಲಿತದ್ದು, ಒಬ್ಬರಿಗಾಗಿ.'

ಒಂದೇ ಸಲ, ಮೆರಿನ್. ಆ ಒಂದು ಸಲಕ್ಕೆ ಸಿಕ್ಕಿದ ವಿಮರ್ಶೆಯೂ ಒಂದೇ.

ಟೇಪು ಕಳಿಸು ಎಂದು ಇನ್ನು ಕೇಳುವುದಿಲ್ಲ. ಕೇಳುವ ಹಕ್ಕಿಲ್ಲ.

ಬ್ರಯೊನಿ


ಪೋರ್ಟ್ ಪೀರಿ
24 ಜೂನ್

ಬ್ರಯೊನಿ,

ಇದರ ಜೊತೆ ಕ್ಯಾಸೆಟ್ಟು ಇದೆ. ಮೂಲದಿಂದ ನಾನೇ ಇಳಿಸಿದ್ದು, ನೆವಿಲ್ ಕೈ ಸೋಕಿಲ್ಲ.

ನಿನ್ನ ನಿಯಮವನ್ನು ತಿರುಗಿಸಿ ಹಾಕಿದ್ದೇನೆ. ಹಾಡು ಕತ್ತರಿಸಿದ್ದೇನೆ, ಮಾತು ಉಳಿಸಿದ್ದೇನೆ. ಹಾಡು ಹೇಗಿತ್ತೆಂದು ನೀನು ಆಗಲೇ ಬರೆದಾಗಿದೆಯಲ್ಲ.

ಸಿಟ್ಟಿನಲ್ಲಿ ಮಾಡಿದ್ದು ಅಂತ ತಿಳಿದರೂ ಸರಿಯೇ. ಅರ್ಧ ಸಿಟ್ಟೇ.

ಮಗುವಿಗೆ ಹಲ್ಲು ಬಂತಾ?

ಮೆರಿನ್


ಡೆವನ್‌ಪೋರ್ಟ್
8 ಜುಲೈ

ಮೆರಿನ್,

ಕೆಳಗೆ ಒಂದು ಹಲ್ಲು ಬಂದಿದೆ. ಕಚ್ಚುತ್ತಾಳೆ.

ಕ್ಯಾಸೆಟ್ಟನ್ನು ನಾಲ್ಕು ದಿನ ಬ್ರೆಡ್ಡಿನ ಡಬ್ಬದ ಮೇಲೆ ಇಟ್ಟಿದ್ದೆ. ಡ್ರಾಯರಿನೊಳಗೆ ಹಾಕಲಿಲ್ಲ, ಅದು ನನ್ನ ಮಟ್ಟಿಗೆ ದೊಡ್ಡ ಸಾಧನೆ. ಇವತ್ತು ರೋರಿ ಟೆಸ್‌ಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೊಳೆಯ ಕಡೆ ಹೋದ. ಆಗ ಹಾಕಿದೆ.

ಗ್ಲಾಸುಗಳ ಸದ್ದು. ಯಾರೋ ಕುರ್ಚಿ ಎಳೆದದ್ದು. ವೆರ್ನಾ ಗಂಟಲು ಸರಿಮಾಡಿಕೊಂಡದ್ದು. ಆಮೇಲೆ ಆಕೆ ಓದಿದ್ದು. ನಿನಗೆ ಗೊತ್ತಿರುವುದೇ, ಆದರೂ ನನ್ನ ಕೈಯಲ್ಲಿ ಒಮ್ಮೆ ಬರೆಯಲು ಬಿಡು:

"'ಮೇಡಂ, ನಾನು ಬಸ್ ಓಡಿಸ್ತಿದ್ದವನು, ಬರವಣಿಗೆ ಬರಲ್ಲ. ನನ್ನ ವ್ಯಾನಲ್ಲಿ ಇಬ್ರು ಹುಡುಗೀರಿದ್ರು, ಮೆರಿನ್, ಬ್ರಯೊನಿ. ಅರ್ಧ ದಾರಿ ನಿಮ್ಮ ಹಾಡು, ಅರ್ಧ ದಾರಿ ಅವರದು. ಅವರದು ನನಗೆ ಕಿವಿನೋವು, ನಿಮ್ಮದು ಅವರಿಗೆ. ಈಗ ವ್ಯಾನು ಖಾಲಿ. ಒಬ್ಬಳು ನನ್ನ ನೋಡ್ಕೊಂಡು ಸುಸ್ತಾಗಿದಾಳೆ, ಇನ್ನೊಬ್ಬಳು ಸಮುದ್ರದಾಚೆ ಬಸುರಿ. ಅವರ ಹಾಡು ಒಂದನ್ನ ನೀವು ಹಾಡಿದ್ರೆ ಪೂರ್ತಿ ದಾರಿ ಎಲ್ರೂ ಒಟ್ಟಿಗೇ ಬಂದ ಹಾಗಾಗುತ್ತೆ.' ಎಲ್ಲಿದೀರಪ್ಪ ಡೆಸ್? ಎದ್ದು ನಿಂತ್ಕೊಳ್ಳಿ ನೋಡೋಣ."

ಆಮೇಲೆ ಅಂಕಲ್ ದನಿ, ಕೈಚೀಲದ ಪಕ್ಕದಲ್ಲೇ, ಉಸಿರು ಕಟ್ಟಿಕೊಂಡು: "ನಿಂತ್ರೆ ಬಿದ್ದೋಗ್ತೀನಮ್ಮಾ, ನೀವು ಹಾಡಿ!" ಕ್ಲಬ್ಬಿಗೆ ಕ್ಲಬ್ಬೇ ನಕ್ಕಿತು. ನಾನೂ ನಕ್ಕೆ, ಒಬ್ಬಳೇ, ಅಡುಗೆಮನೆಯಲ್ಲಿ.

ಗಿಟಾರು ಸರಿಮಾಡಿಕೊಳ್ಳುವಷ್ಟು ಹೊತ್ತಿನಲ್ಲಿ ಅವರು ನಿನಗೆ ಪಿಸುಗುಟ್ಟಿದ್ದು ನಿನಗೆ ನೆನಪಿದೆಯೇ? ಟೇಪಿನಲ್ಲಿ ಸ್ಪಷ್ಟವಾಗಿದೆ. "ಮೊದಲ್ನೇದು ನಂದು, ಎರಡ್ನೇದು ನಿಂದು. ಮೂರನೇದು ತಟ್ಬೇಡ ಕಣೇ. ಅದು ಬ್ರಯೊನೀದು. ಟೇಪ್ ಹಾಕ್ಕೊಂಡು ಅವಳು ಅಲ್ಲಿ ತಟ್ಕೋತಾಳೆ."

ಗಿಟಾರಿನ ಒಂದು ಎಳೆ. ಒಂದು. ಎರಡು. ಅಲ್ಲಿಗೆ ನೀನು ಕತ್ತರಿಸಿದ್ದೀಯ.

ಆ ಜಾಗ ನನ್ನ ಹತ್ತಿರ ಮೊದಲೇ ಇತ್ತು, ಮೆರಿನ್. ನೆವಿಲ್ ಅದನ್ನು ಕತ್ತರಿಸಿರಲಿಲ್ಲ. ನಾಲ್ಕು ಕೈ ದಾಟಿದರೂ ಖಾಲಿ ಜಾಗ ಖಾಲಿಯಾಗಿಯೇ ನನ್ನ ತನಕ ಬಂದಿತ್ತು. ನಾನು ಅದಕ್ಕೆ ಕುಡುಕ ಎಂದು ಹೆಸರಿಟ್ಟೆ. ಅವರು ಆ ಸಾಲನ್ನು ಎರಡು ಸಲ ಓದಿದರು ಎಂದು ಬರೆದಿದ್ದೆ ನೀನು.

ಹಾಡು ಕಳಿಸಬೇಡ. ಇಷ್ಟು ಸಾಕು, ಇಷ್ಟೇ ನನ್ನದು.

ರೋರಿ ವಾಪಸು ಬಂದಾಗ ಟೆಸ್ ಗಾಡಿಯಲ್ಲೇ ನಿದ್ದೆ ಹೋಗಿದ್ದಳು. ಕನ್ನಡಿ ಹಿಡಿಯಲಿಲ್ಲ. ಪಕ್ಕದಲ್ಲಿ ಕೂತು ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಮೆಲ್ಲಗೆ ಹಾಕಿದೆ. ಒಂದು. ಎರಡು. ನಾನು ಮೂರನೆಯದನ್ನು ತಟ್ಟಿದೆ, ಅವಳು ಏಳದ ಹಾಗೆ, ಎರಡು ಬೆರಳಿನಿಂದ ಅಂಗೈಗೆ. ಸದ್ದಾಗಲಿಲ್ಲ. ತಡವೂ ಆಯಿತು, ಆ ಹೊತ್ತಿಗೆ ಟೇಪು ನಿಂತಿತ್ತು.

ಇನ್ನೊಂದು ಸಲ ಹಿಂದಕ್ಕೆ ಸುತ್ತಿದ್ದೇನೆ.

ಬ್ರಯೊನಿ